ಕಟ್ಟು

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ಆರರಲ್ಲಿ
ಟಯರಿನಂಗಡಿಗೂ ಎಸಿ ರಿಪೇರಿಯವನಿಗೂ ನಡುವೆ
ನಮ್ಮದು ಕಟ್ಟು ಹಾಕುವ ಅಂಗಡಿ.
ನಾನು ಮರ, ಶಫೀಕುಲ್ ಗಾಜು.
ಅವನ ಬೆರಳಿಗೆ ಪಟ್ಟಿಯಿಲ್ಲದ ವಾರ
ಆರ್ಡರೂ ಇಲ್ಲವೆಂದೇ ಲೆಕ್ಕ.

ಊರಲ್ಲಿ ಕಟ್ಟು ಹಾಕಿಸುತ್ತಿದ್ದುದು ಇಬ್ಬರಿಗೇ:
ದೇವರಿಗೆ, ಸತ್ತವರಿಗೆ.
ಗಂಗೊಳ್ಳಿಯಲ್ಲಿ ಅಪ್ಪ ಮಾಡಿದ್ದೂ ಅದನ್ನೇ.
ಕೆಳಗೆ ಬಿಳಿ ಅಕ್ಷರದಲ್ಲಿ ಜನನ, ಮರಣ;
ಮೇಲೆ ಹಾರಕ್ಕೆಂದು ಒಂದು ಹೆಚ್ಚಿನ ಮೊಳೆ.
ಆ ಮೊಳೆಗೆ ಅವರು ಕಾಸು ಹಿಡಿಯುತ್ತಿರಲಿಲ್ಲ.

ಮೋಜಾ ಬಂದದ್ದು ಪಿಕಪ್ಪಿನಲ್ಲಿ, ತಾನೇ ಓಡಿಸಿಕೊಂಡು.
ಹಿಂದೆ ಆಳುದ್ದದ ಸುರುಳಿ.
ನೆಲದ ಮೇಲೆ ಬಿಡಿಸಿದೆವು. ಐದು ಅಡಿಗೆ ಏಳು.
ಏನಿದೆಯೆಂದು ಹುಡುಕಿದೆ.
ಉಮ್ ಅಲ್ ಕುವೈನ್ ಆಚೆಗಿನ ಉಪ್ಪಿನ ಬಯಲು,
ಅದರ ಮೇಲೆ ಅದೇ ಬಣ್ಣದ ಆಕಾಶ,
ಎರಡರ ನಡುವೆ ಒಂದು ಗೆರೆ,
ಇದೆ ಅಂದರೆ ಇದೆ.
ಒಂಟೆಯಿಲ್ಲ, ಖರ್ಜೂರವಿಲ್ಲ,
ಸೂರ್ಯ ಸಹ ಮುಳುಗುತ್ತಿಲ್ಲ.

ನಾಲ್ಕು ಚಳಿಗಾಲ ಹೋಗಿದ್ದೆ, ಅಂದಳು ತನ್ನ ಮುರುಕು ಹಿಂದಿಯಲ್ಲಿ.
ಮರದ ಕ್ಯಾಮರಾ, ತಲೆಯ ಮೇಲೆ ಕಪ್ಪು ಬಟ್ಟೆ,
ಒಳಗೆ ಗಾಜಿನ ಮೇಲೆ ಲೋಕ ತಲೆಕೆಳಗು.
ಮಂಜು ಏಳುವ ಮುಂಚೆ ಸಿಗುವುದು
ಒಂದೇ ಫಿಲ್ಮಿನಷ್ಟು ಹೊತ್ತು.
ಮೂರು ವರ್ಷ ಸಿಗಲಿಲ್ಲ.
ಏನು ಸಿಗಲಿಲ್ಲ, ಅಂದೆ.
ಏನೂ ಇಲ್ಲದ ಕಡೆ ಬೆರಳಿಟ್ಟು ತೋರಿಸಿದಳು.
ಇದು.

ಬೂದು ಬಣ್ಣದ ಆ್ಯಶ್ ಮರ ಆರಿಸಿದೆ, ಕೀಲಿಗೆ ಮೊಳೆ ಹೊಡೆಯಲಿಲ್ಲ.
ಎರಡು ದಿನ ಅದು ಬರೀ ಅಳತೆ.
ಮೂರನೆಯ ದಿನ, ಕರೆಂಟು ಹೋಗಿ
ಬಾಗಿಲ ಬೆಳಕಷ್ಟೇ ಉಳಿದಾಗ
ಬಿಳಿ ಒಂದೊಂದಾಗಿ ಬಿಚ್ಚಿಕೊಂಡಿತು:
ಸುಣ್ಣದ್ದು ಒಂದು, ನೀರು ಮಜ್ಜಿಗೆಯದು ಇನ್ನೊಂದು,
ಗಂಜಿ ಆರಿ ಕೆನೆ ಕಟ್ಟುವಾಗಿನದು,
ಸಾರಿನಲ್ಲಿ ಬೆಂದ ಬಂಗುಡೆಯ ಕಣ್ಣಿನದು.
ಎಡಮೂಲೆಯಲ್ಲಿ ಟಯರಿನ ಗುರುತೊಂದು
ಒಳಗೆ ಹೋಗಿತ್ತು. ಹೊರಬಂದದ್ದು ಕಾಣಲಿಲ್ಲ.
ಅಳಿಸುವುದಿಲ್ಲವಾ, ಎಂದು ಫೋನಿನಲ್ಲಿ ಕೇಳಿದೆ.
ಅಳಿಸಿದರೆ ಕ್ಯಾಲೆಂಡರ್ ಆಗುತ್ತದೆ, ಅಂದಳು.

ನನಗೊಂದು ಕೆಟ್ಟ ಚಾಳಿ.
ಹಿಂಬದಿಗೆ ಕಾಗದ ಅಂಟಿಸುವ ಮುಂಚೆ
ಹಲಗೆಯ ಮೇಲೆ ಸೀಸದ ಕಡ್ಡಿಯಲ್ಲಿ
ಯಾರೂ ಓದದ ಕನ್ನಡದಲ್ಲಿ ಒಂದು ಸಾಲು ಬರೆಯುವುದು.
ಅವತ್ತು ಬರೆದೆ:
ಹೊರಗೆ ನಲವತ್ತಾರು ಡಿಗ್ರಿ. ಶಫೀಕುಲನಿಗೆ ಮಗಳು ಹುಟ್ಟಿದಳು.

ಅಲ್ ಕೂಜ್‌ನ ಗ್ಯಾಲರಿಗೆ ನಾವೇ ಹೊತ್ತು ನೇತುಹಾಕಿದೆವು,
ಮಟ್ಟಗೋಲಿನ ಗುಳ್ಳೆ ನಡುವಿಗೆ ಬರುವವರೆಗೆ.
ಐದೇ ಪ್ರತಿ, ಇದು ಎರಡನೆಯದು,
ಬೆಲೆ ಕೇಳಿದವರಿಗೆ ಮಾತ್ರ.
ಮುಖ ಕಾಣಿಸದ ಜರ್ಮನ್ ಗಾಜು;
ಬಗ್ಗಿ ನೋಡಿದೆ, ನಾನಿರಲಿಲ್ಲ.
ಹಾರದ ಮೊಳೆಯ ಮಾತು ಬಾಯಿಗೆ ಬಂತು,
ನುಂಗಿಕೊಂಡೆ.
ದೇವರಲ್ಲ, ಸತ್ತವರಲ್ಲ, ಇದಕ್ಕೇನು ಹಾರ?

ಏಳು ವರ್ಷದ ಮೇಲೆ ಅಬುಧಾಬಿಯ ಯಾರದೋ ಮನೆಯಿಂದ
ಗಾಜು ಸೀಳಿ ವಾಪಸು ಬಂತು.
ಬಿಚ್ಚಿದರೆ ಒಳಗೆ, ನಾನೇ ಬಿಗಿದ ಕೀಲಿನ ಒಳಗೆ,
ಒಂದು ಚಿಟಿಕೆ ಮರಳು.
ಯಾವ ಸಂದಿಯಲ್ಲಿ ಬಂತೋ ಗೊತ್ತಿಲ್ಲ.
ಮೆತ್ತಗಿನ ಬ್ರಷ್ಷಿನಲ್ಲಿ ಗುಡಿಸುತ್ತ
ಎರಡು ಸಲ ಚಿತ್ರದ ಹರಳನ್ನೇ ಗುಡಿಸಿದೆ.

ಮೋಜಾ ನೋಡಲು ಬಂದಳು. ಕೂದಲು ಅಲ್ಲಲ್ಲಿ ನರೆತಿತ್ತು.
ಆ ಜಾಗ ಈಗ ಇಲ್ಲ, ಅಂದಳು,
ಮಣ್ಣು ತುಂಬಿ ರೌಂಡಬೌಟ್ ಮಾಡಿದ್ದಾರೆ,
ನಡುವೆ ಪಿಟೂನಿಯಾ ಹೂವು.
ಯಾವಾಗ, ಅಂದೆ. ಮಾರ್ಚ್, ಅಂದಳು,
ಹದಿಮೂರೋ ಹದಿನಾಲ್ಕೋ.
ನಾನು ಕಿವಿಯ ಮೇಲಿನ ಕಡ್ಡಿ ತೆಗೆದೆ.
ಹಳೆಯ ಸಾಲಿನ ಕೆಳಗೆ ಮರಣ ಎಂದು ಬರೆದು, ತಾರೀಖು ಹಾಕಿ,
ಅದರ ಮೇಲೆ ಜನನ ಎಂದು ಬರೆದು
ಕೈ ನಿಂತಿತು.

ಏನು ಬರೆಯುತ್ತಿದ್ದೀಯ, ಅಂದಳು.
ಅಳತೆ, ಅಂದೆ.
ಒಳಗಿನಿಂದ ಶಫೀಕುಲ್ ಕೂಗಿದ,
ಗಾಜು ಎಷ್ಟಕ್ಕೆ ಎಷ್ಟು?